ಶಸ್ತ್ರಚಿಕಿತ್ಸೆಯ ಅನಂತರದ ನಡುಕ

ಮಾಗಿಯ ಮುಂಜಾನೆ ಕೋಣನಕುಂಟೆಯ ಬೀದಿಯಲ್ಲಿ ನಡೆಯುವಾಗ ನಾವು ಚಳಿಗೆ ನಡುಗಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದೇ ಊರಿನ ಬೇಸಗೆಯ ಮಧ್ಯಾಹ್ನದಲ್ಲಿಯೂ, ಶಸ್ತ್ರಚಿಕಿತ್ಸೆ ಮುಗಿದು ಹೊರಬಂದ ರೋಗಿಯು ಗಡಗಡನೆ ನಡುಗುವುದುಂಟು. ಬಾಗಿಲಲ್ಲಿ ಕಾದುನಿಂತ ಮನೆಯವರು ಜ್ವರವೇ ಬಂದಿತೆಂದು ಕಳವಳಗೊಳ್ಳುತ್ತಾರೆ. ಈ ನಡುಕಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ನಮ್ಮ ಶರೀರದ ಒಳಭಾಗದ ಉಷ್ಣತೆಯು ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಕೈಕಾಲುಗಳು ಇದಕ್ಕಿಂತ ಕೆಲವು ಡಿಗ್ರಿ ತಣ್ಣಗಿರುತ್ತವೆ. ಚಳಿಯಾದಾಗ ಚರ್ಮದ ರಕ್ತನಾಳಗಳು ಸಂಕೋಚಗೊಂಡು ಶಾಖವನ್ನು ಒಳಗೇ ಕಾಪಾಡುತ್ತವೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗವೇ ಈ ಏರ್ಪಾಟಿನ ಮೇಲ್ವಿಚಾರಕ. ಅರಿವಳಿಕೆಯ ಔಷಧವು ರೋಗಿಯೊಡನೆ ಈ ಮೇಲ್ವಿಚಾರಕನನ್ನೂ ಮಂಪರಿಗೆ ತಳ್ಳುತ್ತದೆ. ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿರಕ್ತವು ಕೈಕಾಲುಗಳತ್ತ ಹರಿಯುತ್ತದೆ. ಹೀಗಾಗಿ ಮೊದಲ ಗಂಟೆಯಲ್ಲಿಯೇ ಒಳಗಿನ ಉಷ್ಣತೆಯು 1ರಿಂದ 1.5 ಡಿಗ್ರಿಯಷ್ಟು ಇಳಿಯಬಹುದು. ತಂಪಾದ ಕೊಠಡಿ, ತೆರೆದ ಮೈ, ರಕ್ತನಾಳಕ್ಕೆ ಹರಿಸುವ ದ್ರವ, ಇವೆಲ್ಲವೂ ಈ ನಷ್ಟವನ್ನು ಹೆಚ್ಚಿಸುತ್ತವೆ. ಕೊಠಡಿಯಷ್ಟೇ ತಣ್ಣಗಿರುವ ಒಂದು ಲೀಟರ್ ದ್ರವವು ದೇಹದ ಸರಾಸರಿ ಉಷ್ಣತೆಯನ್ನು ಸುಮಾರು ಕಾಲು ಡಿಗ್ರಿ ತಗ್ಗಿಸುತ್ತದೆ. ಅರಿವಳಿಕೆ ಇಳಿದೊಡನೆ ಮೇಲ್ವಿಚಾರಕನು ಎಚ್ಚತ್ತು, ಕೊರತೆಯನ್ನು ಕಂಡು, ಸ್ನಾಯುಗಳನ್ನು ನಡುಗಿಸಿ ಶಾಖವನ್ನು ಉತ್ಪಾದಿಸತೊಡಗುತ್ತಾನೆ.

ಇದು ಕೇವಲ ಅಸೌಖ್ಯದ ಮಾತಲ್ಲ. ನಡುಕದಿಂದ ಆಮ್ಲಜನಕದ ಬೇಡಿಕೆ ಏರುತ್ತದೆ. ತಣ್ಣಗಾದ ರಕ್ತವು ಬೇಗನೆ ಹೆಪ್ಪುಗಟ್ಟದು. ಗಾಯದೆಡೆಗೆ ರಕ್ತಸಂಚಾರ ಕುಗ್ಗುವುದರಿಂದ ಸೋಂಕಿಗೆ ದಾರಿಯಾಗುತ್ತದೆ. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 200 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದು 1996ರಲ್ಲಿ ಪ್ರಕಟವಾಯಿತು. ಬೆಚ್ಚಗಿರಿಸಿದವರಲ್ಲಿ ಶೇಕಡ 6 ಮಂದಿಗೂ, ಸುಮಾರು 2 ಡಿಗ್ರಿ ತಣ್ಣಗಾದವರಲ್ಲಿ ಶೇಕಡ 19 ಮಂದಿಗೂ ಗಾಯದ ಸೋಂಕು ತಗುಲಿತು. ಆದರೆ ಉಷ್ಣತೆಯು 35.5 ಡಿಗ್ರಿಯಲ್ಲಿ ನಿಂತರೆ, 37 ಡಿಗ್ರಿಯಲ್ಲಿದ್ದವರಿಗಿಂತ ತೊಡಕುಗಳು ಹೆಚ್ಚಾಗಿ ಕಾಣಲಿಲ್ಲವೆಂದು, 5,000ಕ್ಕೂ ಮಿಕ್ಕ ರೋಗಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಪರೀಕ್ಷೆಯು ತಿಳಿಸಿತು. ಅಲ್ಪ ತಂಪಿಗೆ ಅಂಜಬೇಕಾಗಿಲ್ಲ. ಅತಿಯಾದ ತಂಪಿಗೆ ಅವಕಾಶ ಕೊಡಬಾರದು.

ಪರಿಹಾರವೂ ಸರಳವಾಗಿದೆ. ಅರಿವಳಿಕೆಗೆ ಮುಂಚೆಯೇ ರೋಗಿಯ ಕೈಕಾಲುಗಳನ್ನು ಬೆಚ್ಚಗಾಗಿಸಿದರೆ ಶಾಖದ ಇಳಿತವು ಕಡಮೆಯಾಗುತ್ತದೆ. ಬಿಸಿಗಾಳಿ ತುಂಬಿದ ಹೊದಿಕೆಯೂ, ಬೆಚ್ಚಗೆ ಮಾಡಿದ ದ್ರವವೂ ಉಳಿದ ಕೆಲಸವನ್ನು ಪೂರೈಸುತ್ತವೆ.

ಮನೆಯವರು ಮಾಡಬೇಕಾದುದೇನು? ನಡುಕವನ್ನು ಕಂಡೊಡನೆ ದಾದಿಗೆ ತಿಳಿಸಬೇಕು. ನಡುಕವೆಲ್ಲವೂ ಚಳಿಯದಲ್ಲ, ನೋವೂ ಜ್ವರವೂ ಕಾರಣವಾಗಬಹುದಾದ್ದರಿಂದ ಉಷ್ಣಮಾಪಕವೇ ತೀರ್ಪು ಹೇಳಬೇಕು. ಒಣ ಕಂಬಳಿಯನ್ನು ಹೊದಿಸಬಹುದು. ಆದರೆ ಪ್ರೀತಿಯಿಂದ ಬಿಸಿನೀರಿನ ಚೀಲವನ್ನು ಕಾಲಬಳಿ ಇರಿಸುವುದು ಸಲ್ಲದು. ಮರಗಟ್ಟಿದ ಕಾಲಿಗೆ ಸುಡುವುದು ತಿಳಿಯದು. ಬೊಬ್ಬೆ ಎದ್ದ ಮೇಲೆಯೇ ಅದು ನಮ್ಮ ಕಣ್ಣಿಗೆ ಬೀಳುವುದು.