ಕುದಿಸಿದರೂ ಹೋಗದ ನೈಟ್ರೇಟ್

ಮಗಳು ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಮಗುವಿಗೆ ಡಬ್ಬಿ ಹಾಲು ಸುರು ಮಾಡಿದೆವು. ಹಾಲು ಕಲಸುವ ನೀರು ಎಲ್ಲಿಯದು ಎಂದು ಡಾಕ್ಟರು ಕೇಳಿದರು. "ಮನೆ ಬಾವಿದು. ಚೆನ್ನಾಗಿ ಕುದಿಸ್ತೇವೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಕುದಿಸಿದ್ರೆ ರೋಗಾಣು ಸಾಯ್ತದೆ. ನೈಟ್ರೇಟ್ ಎಲ್ಲಿ ಹೋಗ್ತದೆ? ಒಮ್ಮೆ ಪರೀಕ್ಷೆ ಮಾಡಿಸಿ" ಅಂದರು.

ನಮ್ಮಲ್ಲಿ ಕೊಟ್ಟಿಗೆ ಮೇಲ್ಬದಿಗೆ. ಅದರ ಬದಿಯಲ್ಲಿ ಗೊಬ್ಬರದ ಗುಂಡಿ. ಇಪ್ಪತ್ತು ಹೆಜ್ಜೆ ಕೆಳಗೆ ಬಾವಿ. ಅಜ್ಜನ ಕಾಲದ ಏರ್ಪಾಡು. ನೀರು ಕನ್ನಡಿಯಂತೆ ತಿಳಿ, ವಾಸನೆ ಇಲ್ಲ, ರುಚಿಗೂ ಕೊರತೆ ಇಲ್ಲ. ಆದರೂ ವರದಿ ಬಂದಾಗ ನೈಟ್ರೇಟ್ ಮಿತಿ ದಾಟಿತ್ತು. ಮೊಮ್ಮಗುವಿಗೆ ಏನೂ ಆಗಲಿಲ್ಲ, ಪುಣ್ಯ. ಅಂದಿನಿಂದಲೇ ಅದರ ಹಾಲಿಗೆ ಮೇಲಿನ ಮನೆಯವರ ಬಾವಿ ನೀರು ತಂದೆವು. ಅದನ್ನೂ ಪರೀಕ್ಷಿಸಿದ ಮೇಲೆಯೇ.

ನೀಲಿಯಾದ ಕೂಸುಗಳು

ಈ ಸಂಗತಿ ಮೊದಲು ಬೆಳಕಿಗೆ ಬಂದದ್ದು ಅಮೆರಿಕದ ಅಯೋವಾ ಎಂಬ ಕೃಷಿ ಪ್ರಾಂತ್ಯದಲ್ಲಿ. 1945ರಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಅಲ್ಲಿನ ಎಳೆ ಕೂಸುಗಳ ಮೈ ನೀಲಿಗಟ್ಟಿದ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೃದಯದಲ್ಲಿ ದೋಷವಿರಲಿಲ್ಲ. ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ತೋಟದ ಮನೆಯ ಬಾವಿ. ಇಂಥ ಬಾವಿಗಳು ಹೆಚ್ಚಾಗಿ ಆಳವಿಲ್ಲದವು, ಕಟ್ಟೆ ಸರಿಯಿಲ್ಲದವು, ದನದ ಹಟ್ಟಿಯ ಹತ್ತಿರದವು. ಓದುವಾಗ ನಮ್ಮ ಮನೆಯ ನಕ್ಷೆಯೇ ಕಣ್ಣೆದುರು ಬಂತು.

ಹೀಗಾಗುವುದು ಯಾಕೆ? ಕೂಸಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದು ರಕ್ತ ಸೇರಿ ಹಿಮೋಗ್ಲೋಬಿನ್ನಿನ ರೂಪ ಬದಲಿಸುತ್ತದೆ. ಮತ್ತೆ ಆ ರಕ್ತಕ್ಕೆ ಆಮ್ಲಜನಕ ಹೊರಲು ಆಗದು. ಮೊದಲ ಆರು ತಿಂಗಳು ಅಪಾಯ ಹೆಚ್ಚು. ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿದಾಗಲೇ ತೊಂದರೆ.

ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಹೆಚ್ಚೇ ಆಗುತ್ತದೆ! ಲೀಟರಿಗೆ 45 ಮಿಲಿಗ್ರಾಂ ಇರುವ ನಾಲ್ಕು ಲೀಟರ್ ನೀರನ್ನು ಮೂರು ಲೀಟರಿಗೆ ಇಳಿಸಿ, ಅದು 60 ಆಗುತ್ತದೆ. ಆವಿಯಾಗುವುದು ನೀರು ಮಾತ್ರ. ಕ್ಯಾಂಡಲ್ ಫಿಲ್ಟರ್, ಪಟಿಕ, ಬ್ಲೀಚಿಂಗ್ ಪುಡಿ ಯಾವುದಕ್ಕೂ ಇದು ಬಗ್ಗದು. ಆರ್.ಓ. ಯಂತ್ರ ಕಡಿಮೆ ಮಾಡುತ್ತದೆ.

ಒಂದು ಚೀಲದ ಲೆಕ್ಕ

ಯೂರಿಯಾ ಮಣ್ಣಿಗೆ ಬಿದ್ದರೆ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್. ಅಮೋನಿಯಮನ್ನು ಜೇಡಿ ಕಣ ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟಿಗೂ ಜೇಡಿಗೂ ಒಂದೇ ಜಾತಿಯ ವಿದ್ಯುದಂಶ, ಹಾಗಾಗಿ ಒಂದನ್ನೊಂದು ತಳ್ಳುತ್ತವೆ. ಬೇರು ಹೀರದೆ ಬಿಟ್ಟದ್ದು ಮಳೆಯೊಟ್ಟಿಗೆ ಕೆಳಗಿಳಿಯುತ್ತದೆ, ಇಲ್ಲವೇ ತೋಡು ಸೇರುತ್ತದೆ.

45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 20.7 ಕಿಲೋ. ಪೂರ್ತಿ ನೈಟ್ರೇಟಾದರೆ 92 ಕಿಲೋ ಹತ್ತಿರ. ಅದರ ಕಾಲುಭಾಗ ಮಾತ್ರ ಕೆಳಗಿಳಿಯಿತು ಅಂತ ಇಟ್ಟುಕೊಳ್ಳಿ. ಶುದ್ಧವಾಗಿದ್ದ ಐದು ಲಕ್ಷ ಲೀಟರ್ ನೀರನ್ನು 45ರ ಮಿತಿಗೆ ಮುಟ್ಟಿಸಲು ಅಷ್ಟು ಸಾಕು. ಗುಣಾಕಾರ ಮಾಡಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಯೂರಿಯಾವನ್ನು ಮಾತ್ರ ಬೈದು ಕೈ ತೊಳೆಯುವ ಹಾಗೂ ಇಲ್ಲ. ಗಂಜಳ, ಸಗಣಿ, ಶೌಚದ ಗುಂಡಿ, ಎಲ್ಲದರಿಂದಲೂ ನೈಟ್ರೇಟ್ ಆಗುತ್ತದೆ. ಯಾರ ಪಾಲು ಎಷ್ಟೆಂದು ಅಂದಾಜಿಸಲು ವಿಜ್ಞಾನಿಗಳು ಸಾರಜನಕದ ಭಾರದ ಪರಮಾಣುಗಳನ್ನು ಎಣಿಸುತ್ತಾರೆ. ಗೊಬ್ಬರದ ಗುಂಡಿಯಿಂದ ಬಂದ ನೈಟ್ರೇಟಿನಲ್ಲಿ ಅಂಥವು ಚೀಲದ ಗೊಬ್ಬರಕ್ಕಿಂತ ಹೆಚ್ಚು. ನಮ್ಮ ಬಾವಿಗೆ ಅಷ್ಟು ದೊಡ್ಡ ಪರೀಕ್ಷೆ ಬೇಕಿರಲಿಲ್ಲ. ಗುಂಡಿ ಕಣ್ಣೆದುರೇ ಇತ್ತು.

ಕರ್ನಾಟಕ ಎಲ್ಲಿದೆ?

ಕೇಂದ್ರ ಅಂತರ್ಜಲ ಮಂಡಳಿ 2023ರಲ್ಲಿ ದೇಶದ 15 ಸಾವಿರಕ್ಕೂ ಹೆಚ್ಚು ಕಡೆಯ ನೀರು ಪರೀಕ್ಷಿಸಿ 2024ರಲ್ಲಿ ವರದಿ ಕೊಟ್ಟಿತು. ಸುಮಾರು ಶೇ. 20 ಮಾದರಿಗಳಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಿತ್ತು. ಕರ್ನಾಟಕದಲ್ಲಿ ಶೇ. 48ಕ್ಕೂ ಮೇಲೆ. ನಮಗಿಂತ ಮುಂದಿದ್ದದ್ದು ರಾಜಸ್ಥಾನ ಒಂದೇ. ಇಂಥದ್ದರಲ್ಲಿ ಎರಡನೇ ಸ್ಥಾನ ಯಾರಿಗೆ ಬೇಕು!

ತಡ ಮಾಡಿದರೆ ಏನಾಗುತ್ತದೆ ಎಂದು ತಿಳಿಯಲು ಮತ್ತೆ ಅಯೋವಾವನ್ನೇ ನೋಡಿದರಾಯಿತು. ಅಲ್ಲಿನ ರಾಜಧಾನಿ ಡಿಮೊಯ್ನ್‌ಗೆ ನದಿ ನೀರೇ ಆಧಾರ. ಮೇಲಿನ ಹೊಲಗಳ ನೈಟ್ರೇಟ್ ಆ ನದಿಗೆ ಇಳಿಯುತ್ತದೆ. ಅದನ್ನು ತೆಗೆಯಲೆಂದೇ 1990ರ ದಶಕದ ಆದಿಯಲ್ಲಿ ದೊಡ್ಡ ಘಟಕ ಕಟ್ಟಿದರು. 2015ರಲ್ಲಿ ನಗರದ ನೀರು ಸಂಸ್ಥೆ ಮೇಲಿನ ಜಿಲ್ಲೆಗಳ ಮೇಲೆ ದಾವೆ ಹೂಡಿತು. 2017ರಲ್ಲಿ ದಾವೆ ಬಿದ್ದುಹೋಯಿತು. 2025ರ ಜೂನ್‌ನಲ್ಲಿ ಘಟಕಕ್ಕೂ ಸಾಕಾಗದೆ, ಜನ ಹುಲ್ಲುಹಾಸಿಗೆ ನೀರು ಬಿಡಬಾರದೆಂದು ನಿಷೇಧ ಹಾಕಬೇಕಾಯಿತು. ಕಾಮ್ಲಿ ಬರೆದು ಎಂಬತ್ತು ವರ್ಷ ಆದ ಮೇಲೆ!

ನಾವು ಮಾಡಿದ್ದು

ಗೊಬ್ಬರದ ಗುಂಡಿಯನ್ನು ಬಾವಿಯ ಕೆಳಬದಿಗೆ ಸಾಗಿಸಿ, ತಳಕ್ಕೆ ಕಾಂಕ್ರೀಟು ಹಾಕಿ ಮೇಲೆ ಮಾಡು ಕಟ್ಟಿದೆವು. ಗಂಜಳದ ಕಾಲುವೆ ತಿರುಗಿಸಿ ತೊಟ್ಟಿಗೆ ಬಿಟ್ಟೆವು. ಬಾವಿಕಟ್ಟೆ ಎತ್ತರಿಸಿದೆವು. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬುದು ಶಿಫಾರಸು. ಅಂದರೆ ಯೂರಿಯಾ ಸುಮಾರು 220 ಗ್ರಾಂ. ನಾನು ಬೊಗಸೆ ಲೆಕ್ಕದಲ್ಲಿ ಹಾಕುತ್ತಿದ್ದೆ. ತೂಗಿ ನೋಡಿದಾಗ ಅದು ಜಾಸ್ತಿಯೇ ಇತ್ತು. ಈಗ ತೂಗಿ, ಕಂತು ಮಾಡಿ ಹಾಕುತ್ತೇನೆ. ಜಡಿಮಳೆಯ ಮುಂಚಿನ ದಿನ ಹಾಕುವುದಿಲ್ಲ.

ಒಂದು ವರ್ಷ ಬಿಟ್ಟು ಪುನಃ ಪರೀಕ್ಷೆ ಮಾಡಿಸಿದೆ. ಇಳಿದಿದೆ, ಆದರೆ ಮಿತಿಯೊಳಗೆ ಇನ್ನೂ ಬಂದಿಲ್ಲ. ಅಂತರ್ಜಲ ನಿಧಾನದ್ದು. ಇವತ್ತು ಸೇದಿದ ಕೊಡದಲ್ಲಿ ಹಳೇ ವರ್ಷಗಳ ಗೊಬ್ಬರವೂ ಇರುತ್ತದೆ. ನೀರಿನ ಏರ್ಪಾಡು ಈಗಲೂ ಮೇಲಿನ ಮನೆಯದೇ.

ಪರೀಕ್ಷೆ ಮಾಡಿಸುವವರಿಗೆ

ಜಿಲ್ಲೆ, ತಾಲೂಕು ಮಟ್ಟದ ಕುಡಿಯುವ ನೀರಿನ ಪ್ರಯೋಗಾಲಯಗಳಲ್ಲಿ ವಿಚಾರಿಸಿ. ಶುದ್ಧ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ, ಬಿಸಿಲು ತಾಗಿಸದೆ ಅದೇ ದಿನ ಮುಟ್ಟಿಸಿ. ವರದಿಯಲ್ಲಿ ನೈಟ್ರೇಟ್ ಎಂದಿದೆಯೋ, ನೈಟ್ರೇಟ್‌-ಸಾರಜನಕ ಎಂದಿದೆಯೋ ನೋಡಿಕೊಳ್ಳಿ. ಎರಡನೆಯದಾದರೆ 4.43ರಿಂದ ಗುಣಿಸಿ. ಅಲ್ಲಿ 12 ಎಂದು ಕಂಡು "ನಲವತ್ತೈದರೊಳಗೆ ಉಂಟಲ್ಲ" ಎಂದು ಸಮಾಧಾನಪಟ್ಟರೆ ಮೋಸ ಹೋದಿರಿ. ಅದು 53!

ನೈಟ್ರೇಟ್ ಇರುವ ನೀರು ತೋಟಕ್ಕೆ ನಷ್ಟವಲ್ಲ. 45ರ ಮಟ್ಟದ ಒಂದು ಲಕ್ಷ ಲೀಟರ್ ನೀರಿನೊಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಸಾರಜನಕ ತೋಟಕ್ಕೆ ಹೋಗುತ್ತದೆ. ಅಷ್ಟನ್ನು ಯೂರಿಯಾದಲ್ಲಿ ಕಳೆಯಬಹುದು.

ಮನೆಯಲ್ಲಿ ಬಸುರಿ ಇದ್ದರೆ ಹೆರಿಗೆಯ ವರೆಗೆ ಕಾಯಬೇಡಿ. ನಾನು ಕಾದೆ. ನೀವು ಈ ತಿಂಗಳೇ ಒಂದು ಬಾಟಲಿ ನೀರು ಕೊಟ್ಟು ಬನ್ನಿ.