ಒಂದು ಪಟ್ಟಿ, 60 ಫೋನ್: ಕಾನ್ಫಿಗ್ ಫೈಲ್‌ಗಳನ್ನು ಸ್ಕ್ರಿಪ್ಟ್ ಬರೆಯುವುದು ಹೇಗೆ?

ಬಜಪೆಯಿಂದ ಮಾತಾಡ್ತಾ ಇದ್ದೇನೆ. ನಾನು ಓದಿದ್ದು ಬಿಕಾಂ. ಹಾಗಾಗಿ ಇವತ್ತಿನ ವಿಷಯವನ್ನು ಲೆಕ್ಕದ ಪುಸ್ತಕದ ಭಾಷೆಯಲ್ಲೇ ಹೇಳ್ತೇನೆ.

ಮಂಗಳೂರಿನ ಒಂದು ಆಸ್ಪತ್ರೆ ಅಂತ ಇಟ್ಟುಕೊಳ್ಳಿ. ಅಲ್ಲಿ 60 ಐಪಿ ಫೋನ್ ಉಂಟು. ಇಂಥ ಫೋನ್ ಆನ್ ಆದಾಗ ಸರ್ವರ್‌ನಿಂದ ತನ್ನದೇ ಒಂದು ಫೈಲ್ ಕೇಳಿ ಪಡೆಯುವ ಹಾಗೆ ಮಾಡಬಹುದು. ಫೈಲಿನ ಹೆಸರಲ್ಲಿ ಹೆಚ್ಚಾಗಿ ಇರುವುದು ಆ ಫೋನಿನ ಮ್ಯಾಕ್ ಅಡ್ರೆಸ್, ಅಂದರೆ ತಯಾರಕರೇ ಕೊಟ್ಟ 12 ಅಕ್ಷರ-ಅಂಕಿಗಳ ಗುರುತು. ಒಳಗೆ ಎಕ್ಸ್‌ಟೆನ್ಶನ್ ನಂಬರ್, ಪಾಸ್‌ವರ್ಡ್, ಪರದೆ ಮೇಲೆ ಕಾಣುವ ಹೆಸರು. ಇದೇ ಕಾನ್ಫಿಗರೇಶನ್ ಫೈಲ್.

60 ಫೈಲನ್ನೂ ಕೈಯಲ್ಲಿ ಟೈಪ್ ಮಾಡಿದರೆ ಎಲ್ಲೋ ಒಂದು ಕಡೆ 214 ಹೋಗಿ 241 ಆಗಬಹುದು. ಐಸಿಯುಗೆ ಬರಬೇಕಾದ ಕರೆ ಕ್ಯಾಂಟೀನಿನಲ್ಲಿ ರಿಂಗ್ ಆಗುತ್ತದೆ.

ಪರಿಹಾರ ಸಣ್ಣದು. ಎಲ್ಲ ವಿವರವೂ ಒಂದೇ ಸಿಎಸ್‌ವಿ ಪಟ್ಟಿಯಲ್ಲಿರಲಿ, ಫೋನಿಗೊಂದು ಸಾಲು. ಇನ್ನೊಂದು ಕಡೆ ಖಾಲಿ ಜಾಗ ಬಿಟ್ಟ ಒಂದು ನಮೂನೆ, ಅದು ಟೆಂಪ್ಲೇಟ್. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಒಂದೊಂದೇ ಸಾಲು ಓದಿ, ಖಾಲಿ ಜಾಗ ತುಂಬಿಸಿ, 60 ಫೈಲ್ ಬರೆಯುತ್ತದೆ. ಪಟ್ಟಿ ನಮ್ಮ ಜರ್ನಲ್ ಇದ್ದ ಹಾಗೆ, ಫೈಲ್‌ಗಳು ಲೆಡ್ಜರ್. ತಿದ್ದುವುದಿದ್ದರೆ ಜರ್ನಲ್‌ನಲ್ಲೇ ತಿದ್ದಬೇಕು. ಫೈಲನ್ನೇ ನೇರ ತಿದ್ದಿದರೆ, ಮುಂದಿನ ಸಲ ಸ್ಕ್ರಿಪ್ಟ್ ಓಡಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ.

ಆದರೆ ಪಟ್ಟಿಯೇ ತಪ್ಪಿದ್ದರೆ? ಆಗ ತಪ್ಪು ಅರವತ್ತಕ್ಕೆ ಅರವತ್ತೂ ಕಡೆ ಹೋಗುತ್ತದೆ ಮಾರಾಯ್ರೆ! ಮಂಗಳೂರಿನ ಎಸ್‌ಟಿಡಿ ಕೋಡ್ 0824. ಸಿಎಸ್‌ವಿಯನ್ನು ಸುಮ್ಮನೆ ಎಕ್ಸೆಲ್‌ನಲ್ಲಿ ತೆರೆದರೆ ಅದು ಸಾಮಾನ್ಯವಾಗಿ ಸಂಖ್ಯೆ ಅಂತ ತಿಳಿದು 824 ಮಾಡುತ್ತದೆ, ಸೇವ್ ಮಾಡಿದರೆ ಸೊನ್ನೆ ಹೋಯಿತು. ಇಂಪೋರ್ಟ್ ಮಾಡುವಾಗಲೇ ಆ ಕಾಲಂ 'ಟೆಕ್ಸ್ಟ್' ಅಂತ ಆರಿಸಿ.

ಹಾಗಾಗಿ ಫೈಲ್ ಬರೆಯುವ ಮೊದಲು ಸ್ಕ್ರಿಪ್ಟ್ ನಾಲ್ಕು ಪ್ರಶ್ನೆ ಕೇಳಲಿ. ಕೋಡ್ ಸೊನ್ನೆಯಿಂದ ಶುರುವಾಗುತ್ತದಾ? ಮ್ಯಾಕ್ ಸರಿಯಾಗಿ 12 ಉಂಟಾ? ಒಂದೇ ಎಕ್ಸ್‌ಟೆನ್ಶನ್ ಎರಡು ಸಲ ಬಂದಿದೆಯಾ? ಯಾವ ಕೋಶವಾದರೂ ಖಾಲಿಯಾ? ಈ ಕೊನೆಯದ್ದು ಮುಖ್ಯ. ಟೆಂಪ್ಲೇಟಿಗೆ ಬೇಕಾದ ಕಾಲಂ ಪಟ್ಟಿಯಲ್ಲಿ ಇಲ್ಲದಿದ್ದರೆ ಪೈಥಾನಿನ 'ಸಬ್‌ಸ್ಟಿಟ್ಯೂಟ್' ಅಲ್ಲೇ ನಿಂತು ಎರರ್ ಕೊಡುತ್ತದೆ. ಕಾಲಂ ಇದ್ದು ಕೋಶ ಮಾತ್ರ ಖಾಲಿ ಇದ್ದರೆ ಏನೂ ಹೇಳದೆ ಮುಂದೆ ಹೋಗುತ್ತದೆ.

ಒಂದು ಉತ್ತರ ತಪ್ಪಾದರೂ ಒಂದು ಫೈಲೂ ಬರೆಯಬಾರದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ಮುಂದಿನ ಲೆಕ್ಕಕ್ಕೆ ಯಾರೂ ಕೈ ಹಾಕುವುದಿಲ್ಲ ಅಲ್ವಾ? ಪಾಸ್‌ವರ್ಡ್ ಇರುವ ಆ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಕಳಿಸಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗುವ.