ಮೊದಲು ಕೂಡ್ರಿ, ಮಾತು ಆಮೇಲೆ

ಬೆಳಗಾವಿಯ ಶಹಾಪುರದ ಹಳೆಯ ಸೀರೆ ಅಂಗಡಿಗಳಲ್ಲಿ ಗಾದಿಯ ಪದ್ಧತಿ ಇನ್ನೂ ಉಳಿದಿದೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಹೊಕ್ಕರೆ ಬಿಳಿ ಬಟ್ಟೆ ಹೊದಿಸಿದ ಗಾದಿ, ಒರಗಲು ಲೋಡು. ‘ಬರ್ರಿ ಅಕ್ಕಾರ, ಕೂಡ್ರಿ’ ಎನ್ನುತ್ತಾರೆ, ನೀರು ತರಿಸುತ್ತಾರೆ. ಯಾವ ಸೀರೆ, ಎಷ್ಟರೊಳಗೆ ಎಂಬ ವಿಚಾರ ಆಮೇಲೆ. ಇಪ್ಪತ್ತು ಸೀರೆಯ ಮಡಿಕೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದರೂ ಹಳೆಯ ವ್ಯಾಪಾರಿ ಮುಖ ಸಿಂಡರಿಸುವುದಿಲ್ಲ. ‘ಮತ್ತ ಬರ್ರಿ’ ಎಂದೇ ಕಳಿಸುತ್ತಾನೆ.

ಅವನ ಕಿವಿ ಇನ್ನೊಂದು ಕೆಲಸವನ್ನೂ ಮಾಡಿರುತ್ತದೆ. ಬಂದವರು ತಮ್ಮತಮ್ಮಲ್ಲಿ ಆಡಿಕೊಂಡ ಮೊದಲ ಮಾತು ಯಾವ ಭಾಷೆಯದು ಎಂದು ಗಲ್ಲಾದ ಮೇಲೆ ಕೂತಲ್ಲಿಂದಲೇ ಹಿಡಿದಿರುತ್ತಾನೆ. ಅದರಂತೆ ‘ಬರ್ರಿ, ಕೂಡ್ರಿ’ ಇಲ್ಲವೇ ಮರಾಠಿಯಲ್ಲಿ ‘ಯಾ, ಬಸಾ’. ಸ್ವಾತಂತ್ರ್ಯದ ತನಕ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದಲ್ಲಿ, ಗಡಿಯ ಜಗಳ ದಶಕಗಳಿಂದ ಬೀದಿಗಿಳಿಯುತ್ತಲೇ ಬಂದಿರುವ ಈ ಊರಿನಲ್ಲಿ, ಗಿರಾಕಿಯ ಭಾಷೆಗೆ ವ್ಯಾಪಾರಿಯೇ ಹೊರಳಿಕೊಳ್ಳುವುದನ್ನು ನಾನು ಬೆಳಗಾವಿಯ ಅತಿ ದೊಡ್ಡ ಸಭ್ಯತೆ ಎಂದು ತಿಳಿದಿದ್ದೇನೆ. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ.

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಇಲ್ಲಿಯ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಅಲ್ಲಿ ನಡೆಯುವ ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನಿಂದ ಬಂದವರು ‘ಇಲ್ಲಿಯವರ ಮಾತು ಬಲು ಗಡಸು’ ಎನ್ನುವುದನ್ನು ಕೇಳಿದ್ದೇನೆ. ದನಿ ಎತ್ತರದ್ದು, ನಿಜ. ಆದರೆ ಆ ಎತ್ತರದ ದನಿಯ ಪ್ರತಿ ಕ್ರಿಯಾಪದದ ತುದಿಗೂ ಒಂದು ‘ರಿ’ ಇದೆ. ಆಟೋದವನಿಗೂ ‘ನಿಂದರ್ಸ್ರಿ’, ಹೋಟೆಲಿನಲ್ಲಿ ನೀರು ಇಡುವ ಹುಡುಗನಿಗೂ ‘ಒಂದ್ ಚಾ ಕೊಡ್ರಿ’. ಈ ‘ರಿ’ ಯಾರಿಗೆ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂದು ನೋಡಿದರೆ ಆಡುವವನ ಸಂಸ್ಕಾರ ಗೊತ್ತಾಗುತ್ತದೆ.

ಊಟದ ನಡವಳಿಕೆ ಇನ್ನೂ ಸೂಕ್ಷ್ಮ. ತಾಟಿನ ಮುಂದೆ ಕೂತಾಗ ಯಾರಾದರೂ ಬಾಗಿಲಿಗೆ ಬಂದರೆ ‘ಬರ್ರಿ, ಊಟ ಮಾಡೂಣು’ ಎನ್ನದೆ ತುತ್ತು ಎತ್ತುವಂತಿಲ್ಲ. ಬಂದವರು ‘ಆಗೇತ್ರಿ, ನೀವು ಮಾಡ್ರಿ’ ಎನ್ನಬೇಕು. ಉಣ್ಣುವವರ ರೊಟ್ಟಿ ಎಣಿಸಬಾರದು. ‘ಎಷ್ಟು ಹಾಕಲಿ’ ಎಂದು ಕೇಳುವುದೂ ಒಂದು ಬಗೆಯ ಎಣಿಕೆಯೇ. ಅದಕ್ಕೇ ಬಡಿಸುವ ಅವ್ವ ಸುಮ್ಮನೆ ಬಿಸಿ ರೊಟ್ಟಿ ತಂದು ತಾಟಿಗೆ ಬಿಡುತ್ತಾಳೆ. ಸಾಕೆಂದು ಕೈ ಅಡ್ಡ ಹಿಡಿದರೆ ಅರ್ಧ ಮುರಿದು ಹಾಕುತ್ತಾಳೆ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ‘ತೀರಿತು’ ಎನ್ನದೆ ‘ಹೆಚ್ಚಾಗೇದ’ ಎನ್ನುವುದು ನಮ್ಮ ಮನೆಗಳ ರೂಢಿ. ನೆರೆಯ ಮರಾಠಿ ಅಂಗಡಿಯವರಿಗೂ ಬಾಗಿಲು ಮುಚ್ಚುವುದೆಂದರೆ ‘ವಾಢವಣೆ’, ಅಂದರೆ ಹೆಚ್ಚಿಸುವುದು. ಎರಡು ಭಾಷೆಗಳು ಒಂದೇ ನಾಜೂಕನ್ನು ಹಂಚಿಕೊಂಡಿವೆ.

ಪಂಕ್ತಿಯಲ್ಲಿ ಕೂತವರಿಗೆ ಒತ್ತಾಯ ಮಾಡಿ ಬಡಿಸಿದ ಈ ನಾಡು, ಪಂಕ್ತಿಗೇ ಬಾರದಂತೆ ಬಹಳ ಜನರನ್ನು ಹೊರಗಿಟ್ಟಿತ್ತು ಎಂಬುದನ್ನೂ ಹೇಳದೆ ಈ ಲೇಖನ ಮುಗಿಸಲಾರೆ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಇಡೀ ದೇಶವನ್ನು ಮನೆಗೆ ಕರೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಕಾಂಗ್ರೆಸ್ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ನಡೆಸಿದರು. ಅಧಿವೇಶನದ ನೆಲೆಗೆ ವಿಜಯನಗರ ಎಂದು ಹೆಸರಿಟ್ಟರು, ನೀರಿಗಾಗಿ ಬಾವಿ ತೋಡಿಸಿದರು. ಅಲ್ಲಿ ಸ್ವಾಗತದ ಹಾಡಿಗೆ ದನಿಯಾದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಇದ್ದರು. ಆ ದಿನದ ನೆನಪಾಗಿ ಅವರು ಮುಂದೆ ಹೇಳಿಕೊಂಡದ್ದು ಹಾಡಿದ ಹೆಮ್ಮೆಯನ್ನಷ್ಟೇ ಅಲ್ಲ. ಕೆಳಜಾತಿಯವಳೆಂದು ಊಟದ ನಂತರ ಎಂಜಲು ಬಳಿಯಲು ತನಗೆ ಹೇಳಿಬಿಟ್ಟಾರೆಂಬ ಅಳುಕು ಮನಸ್ಸಿನಲ್ಲಿತ್ತಂತೆ. ಕಿರಾಣಾ ಘರಾಣೆಯ ಮಹಾ ಗಾಯಕಿಯಾಗಿ ಬೆಳೆದ ಮೇಲೂ ಅವರಿಗೆ ಆ ಅಳುಕು ಮರೆತಿರಲಿಲ್ಲ. ಬಡಿಸುವ ಕ್ರಮ ಎಷ್ಟೇ ಚೆಂದವಿರಲಿ, ಒಂದು ಮಗುವನ್ನು ಹಾಗೆ ಹೆದರಿಸಿದ ಊಟದ ಮನೆಗೆ ಮರ್ಯಾದೆಯ ಮನೆ ಎಂಬ ಹೆಸರು ಒಪ್ಪದು. ಇವತ್ತಿನ ಖಾನಾವಳಿಯ ಉದ್ದ ಬೆಂಚಿನ ಮೇಲೆ ಹಮಾಲ, ವಕೀಲ, ಹಳ್ಳಿಯಿಂದ ಬಂದ ರೈತ ಭುಜಕ್ಕೆ ಭುಜ ತಾಗಿಸಿ ಕೂತು ಝುಣಕ, ಶೇಂಗಾ ಚಟ್ನಿ ಹಚ್ಚಿಕೊಂಡು ಉಣ್ಣುವುದನ್ನು ಕಂಡಾಗ ನನಗೆ ಆ ಹುಡುಗಿ ನೆನಪಾಗುತ್ತಾಳೆ.

ಚಮಚ, ಫೋರ್ಕಿನ ಶಿಸ್ತು ಈ ಊರಿಗೆ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ದಂಡಿನ ಊರು ಇದು. ಕ್ಯಾಂಪಿನ ಮೆಸ್‌ಗಳಲ್ಲಿ ಅದು ಎಂದಿನಿಂದಲೂ ನಡೆದಿದೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಲ್ಲಿ ಶುರುವಾಯಿತು. ಈಗ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಕೆಲಸದ ಸಂದರ್ಶನದ ಮುನ್ನ ಕೈ ಹೇಗೆ ಕುಲುಕಬೇಕು, ನ್ಯಾಪ್ಕಿನ್ ಎಲ್ಲಿ ಹಾಸಬೇಕು ಎಂದು ಕಲಿಸುತ್ತಾರೆ. ಕಲಿಯಲಿ, ಹೊರಗೆ ದುಡಿಯಲು ಹೋಗುವವರಿಗೆ ಅದು ಬೇಕು. ಆದರೆ ಖಾನಾಪುರದ ಬಸ್ಸಿಳಿದು ಬಂದ ಹುಡುಗಿಗೆ, ಅವಳ ಮನೆಯಲ್ಲಿ ನಡವಳಿಕೆಯೇ ಇರಲಿಲ್ಲ ಎಂಬಂತೆ ಪಾಠ ಹೇಳಿದರೆ ಅದು ತಪ್ಪು. ಖಾನಾಪುರ ಇಲ್ಲಿಂದ 26 ಕಿಲೋಮೀಟರ್. ಅದರಾಚೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಕಾಡು, ಜಡಿಮಳೆ, ಭತ್ತದ ಗದ್ದೆ. ಅಲ್ಲಿಯ ಹೆಂಚಿನ ಮನೆಗಳಲ್ಲಿ ಬಂದವರ ಕೈಗೆ ಮೊದಲು ನೀರು, ಜೊತೆಗೆ ಒಂದು ಚೂರು ಬೆಲ್ಲ. ಯಾಕೆ ಬಂದಿರಿ ಎಂದು ಕೇಳುವುದು ಗಂಟಲು ತಣ್ಣಗಾದ ಮೇಲೆಯೇ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ನನಗೆ ಕುರ್ಚಿ ಸಿಕ್ಕಿತು, ಬಹುಶಃ ಇಸ್ತ್ರಿ ಮಾಡಿದ ಅಂಗಿಯ ಕಾರಣಕ್ಕೆ. ನನಗಿಂತ ಮೊದಲೇ ಬಂದಿದ್ದ ಮುದುಕರೊಬ್ಬರು ಮಡಿಚಿದ ಕಾಗದ ಹಿಡಿದು ನಿಂತೇ ಇದ್ದರು. ಕಾಡಂಚಿನ ಊರಿನವರು, ಮರಾಠಿ ಮನೆಮಾತು. ಮಗನ ವಯಸ್ಸಿನ ಗುಮಾಸ್ತ ಕತ್ತೆತ್ತದೆ ‘ಏನ್ ಬೇಕಲೇ ನಿನಗ?’ ಎಂದ. ನಾನು ಎದ್ದು ನಿಲ್ಲಬೇಕಿತ್ತು, ಏಳಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಅವರೇ ಕೂತಿದ್ದರು. ನನ್ನನ್ನು ಕಂಡದ್ದೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಸರಿದರು. ‘ಕೂಡ್ರಿ ಸಾಹೇಬ್ರ, ಚಾ ಆತೇನ್ರಿ?’ ನನ್ನ ಭಾಷೆಯಲ್ಲೇ ಕೇಳಿದರು. ಅಂಗಡಿಯವನು ಇಟ್ಟುಹೋದದ್ದು ಒಂದೇ ಕಪ್. ಅರ್ಧವನ್ನು ಬಶಿಗೆ ಹೊಯ್ದುಕೊಂಡು ತಾವು ಬಶಿ ಎತ್ತಿದರು, ಕಪ್ಪನ್ನು ನನ್ನ ಕಡೆ ಸರಿಸಿದರು.